ನಮ್ಮತ್ತೆಯ ಕೈತುತ್ತು

ನಮ್ಮತ್ತೆ ಶಾಂತವ್ವ ಮಕ್ಕಳಿಗೆ ಉಣಿಸುವಾಗ ನಗುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ. ವಿಕ್ರೋಳಿಯ ನಮ್ಮ ಬಿಲ್ಡಿಂಗಿನ ಉಳಿದ ಮನೆಗಳಲ್ಲಿ ಕೂಸುಗಳ ಊಟವೆಂದರೆ ದಿನವೂ ನಡೆಯುವ ಓಟದ ಪಂದ್ಯ. ತಾಯಂದಿರು ಬಟ್ಟಲು ಹಿಡಿದು ಪ್ಯಾಸೇಜಿನಲ್ಲಿ ಮಕ್ಕಳ ಹಿಂದೆ ಓಡುತ್ತಿದ್ದರು. ಒಬ್ಬಳು ಮೊಬೈಲಿನಲ್ಲಿ ಹಾಡು ಹಚ್ಚಿಟ್ಟು ಮಗು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದಳು. ಇನ್ನೊಬ್ಬಳು ಲಿಫ್ಟನ್ನು ಮೇಲೆ ಕೆಳಗೆ ಓಡಿಸುತ್ತ ಮಹಡಿಗೊಂದರಂತೆ ತುತ್ತು ತುರುಕುತ್ತಿದ್ದಳು. ನಮ್ಮತ್ತೆ ಮಾತ್ರ ಗೋಡೆಗೆ ಬೆನ್ನು ಕೊಟ್ಟು, ಎಡ ಮೊಣಕಾಲು ಮಡಚಿ, ನನ್ನ ಅವಳಿ ಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಎರಡು ಸ್ಟೀಲಿನ ವಾಟಿ ಮುಂದಿಟ್ಟುಕೊಳ್ಳುತ್ತಿದ್ದರು. ಒಂದು ವಾಟಿ ಅಥರ್ವನದು, ಒಂದು ಅನ್ವಿಯದು. ಅವರ ಕೈ ಮೇಲೆದ್ದರೆ ಬಾಯಿ ತೆರೆಯುತ್ತಿತ್ತು, ಕೈ ಇಳಿದರೆ ಮುಚ್ಚುತ್ತಿತ್ತು. ಅಳು ಇಲ್ಲ, ಓಟ ಇಲ್ಲ, ನೆಲದ ಮೇಲೆ ಒಂದು ಅಗುಳಿಲ್ಲ.

ಇದನ್ನು ನೋಡಲೆಂದೇ ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಎರಡು ವರ್ಷ ತುಂಬಿದ ಮಕ್ಕಳು ಹೀಗೆ ಉಣ್ಣುವುದನ್ನು ಅವರು ಕಂಡಿರಲಿಲ್ಲ. ನೀನು ಪುಣ್ಯ ಮಾಡಿದ್ದೀಯ, ಇಂಥ ಅತ್ತೆ ಯಾರಿಗೆ ಸಿಗುತ್ತಾರೆ ಎಂದು ಮರಾಠಿಯಲ್ಲಿ ನನಗೆ ಹೇಳುತ್ತಿದ್ದರು. ನಾನು ದಾದರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಗಿನ ರಕ್ತದ ಸ್ಯಾಂಪಲ್ಲುಗಳು ಬರುವ ಹೊತ್ತಿಗೆ ಅಲ್ಲಿರಬೇಕು. ಅಂದರೆ ಮಕ್ಕಳು ಏಳುವ ಮೊದಲೇ ನಾನು ಲೋಕಲ್ ಹಿಡಿದಿರಬೇಕು. ನನಗೂ ಅವರ ಮಾತು ಸರಿಯೆನಿಸುತ್ತಿತ್ತು.

ನಮ್ಮತ್ತೆ ವಿಜಾಪುರದ ಕಡೆಯವರು. ಹದಿನಾರು ತುಂಬುವ ಮೊದಲೇ ಮದುವೆಯಾಗಿ ವಡಾಲದ ಒಂದು ಚಾಳಿಗೆ ಬಂದರು. ಮಾವನವರಿಗೆ ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಮೇಲೆ ಈ ಕಡೆ ಬಂದದ್ದು. ನಾನು ಈ ಮನೆಗೆ ಬರುವಷ್ಟರಲ್ಲಿ ಮಾವನವರು ತೀರಿಹೋಗಿದ್ದರು. ಅತ್ತೆಯವರದು ಎತ್ತರದ ನಿಲುವು, ದಪ್ಪ ಮುಂಗೈ, ಹೆಜ್ಜೆ ಇಟ್ಟರೆ ನೆಲಕ್ಕೆ ತಿಳಿಯುವಂಥ ನಡಿಗೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮುಂಬಯಿಯಲ್ಲಿದ್ದರೂ ವಿಜಾಪುರದ ಮಾತು ಒಂದಿಷ್ಟೂ ಸವೆದಿರಲಿಲ್ಲ. ತರಕಾರಿಯವನ ಜೊತೆ ಮರಾಠಿ ಆಡಿದರೂ ಅದು ಇಂಡಿ ತಾಲೂಕಿನ ಮರಾಠಿಯಂತೆ ಕೇಳುತ್ತಿತ್ತು. ಮಕ್ಕಳು ಅವರನ್ನು ಆಯಿ ಎನ್ನುತ್ತಿದ್ದವು. ನಮ್ಮ ಕಡೆ ಅಜ್ಜಿಗೆ ಹಾಗೆನ್ನುವುದೇ ರೂಢಿ. ಆದರೆ ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಅನ್ವಿ ಕೆಳಗೆ ಆಡುವಾಗ ಬಿದ್ದು 'ಆಯಿ' ಎಂದು ಅತ್ತರೆ ಬಿಲ್ಡಿಂಗಿನ ಹೆಂಗಸರು ನನ್ನನ್ನು ಕೂಗುತ್ತಿದ್ದರು. ಅವಳು ಕರೆದದ್ದು ನನ್ನನ್ನಲ್ಲ ಎಂದು ನನಗೊಬ್ಬಳಿಗೇ ಗೊತ್ತಿರುತ್ತಿತ್ತು.

ಅವರ ಅಡುಗೆಯ ರುಚಿಯನ್ನು ನಾನು ಇವತ್ತಿಗೂ ಹೊಗಳುತ್ತೇನೆ. ಆದರೆ ಆ ರುಚಿಯನ್ನು ಅವರು ಎಂದೂ ನೋಡಿದವರಲ್ಲ. ಉಪ್ಪು ಸರಿಯಿದೆಯೇ ಎಂದು ಸಾರನ್ನು ಅಂಗೈಗೆ ಬಿಟ್ಟುಕೊಳ್ಳುವುದು ಎಲ್ಲ ಹೆಂಗಸರೂ ಮಾಡುವುದೇ. ಅವರು ಪಾತ್ರೆಯ ಮೇಲೆ ಬಾಗಿ ಮೂಸಿ ನೋಡುತ್ತಿದ್ದರು, ಅಷ್ಟೇ. ಎಲ್ಲರದೂ ಆದ ಮೇಲೆ, ಉಳಿದ ರೊಟ್ಟಿಯನ್ನು ನೀರಿನಂಥ ಬ್ಯಾಳಿಯಲ್ಲಿ ಮುರಿದು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತು ಬೇಗಬೇಗ ಮುಗಿಸಿಬಿಡುತ್ತಿದ್ದರು. ತುಪ್ಪ ಬಡಿಸಲು ಹೋದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು.

"ನಾಲಿಗಿಗೆ ಒಮ್ಮಿ ರುಚಿ ಹತ್ತಿತಂದ್ರ ಮುಗೀತವಾ," ಎಂದಿದ್ದರು ಒಮ್ಮೆ. "ಆಮ್ಯಾಲ ಅದು ನಿನ್ನ ಮಾತು ಕೇಳೂದಿಲ್ಲ."

ಇದು ಹೆಂಗಸರ ನಾಲಿಗೆಯ ಮಾತು. ಮಗ ಮಹೇಶನಿಗೆ, ಅಂದರೆ ನನ್ನ ಗಂಡನಿಗೆ, ಈ ನಿಯಮವಿರಲಿಲ್ಲ. ಅವರಿಗೆ ತುಪ್ಪ ರೊಟ್ಟಿಯಿಂದ ಸೋರಬೇಕು, ಊಟದ ಕೊನೆಗೆ ಸಿಹಿ ಇರಬೇಕು, ಆರಿದ ಸಾರು ಮುಂದೆ ಬಂದರೆ ತಾಟನ್ನು ಸದ್ದಿಲ್ಲದೆ ಅತ್ತ ಸರಿಸಿ ಕೂತುಬಿಡುತ್ತಿದ್ದರು. ನಲವತ್ತು ತುಂಬುವ ಮೊದಲೇ ಅವರಿಗೆ ಶುಗರ್ ಬಂತು. ಡಾಕ್ಟರು ಸಿಹಿ ಬಿಡಿಸಿದರು. ಆಫೀಸಿನ ಡ್ರಾಯರಿನಲ್ಲಿ ಮಿಠಾಯಿ ಡಬ್ಬಿ ಇಟ್ಟುಕೊಳ್ಳುತ್ತಾರೆಂದು ಅವರ ಜೊತೆಯವರಿಂದ ನನಗೆ ತಿಳಿಯಿತು. ಕೇಳಿದರೆ, ಬಿಡಲಿಕ್ಕೆ ಆಗೂದಿಲ್ಲ ಎಂದು ಚಿಕ್ಕ ಹುಡುಗನ ಹಾಗೆ ಕಣ್ಣಲ್ಲಿ ನೀರು ತಂದುಕೊಂಡರು.

ಮಗಳು ಸರಳಾ ಇದಕ್ಕೆ ತೀರ ಬೇರೆ. ಮದುವೆಯಾಗಿ ಕಲ್ಯಾಣದಲ್ಲಿದ್ದಾಳೆ. ಹಬ್ಬಕ್ಕೆ ಬಂದರೆ ಬಂದ ಕೂಡಲೇ ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋಗುತ್ತಿದ್ದಳು. ಎಲ್ಲರಿಗೂ ಬಡಿಸಿ, ಕೊನೆಗೆ ಕಟ್ಟೆಗೆ ಒರಗಿ ನಿಂತೇ ಒಂದು ರೊಟ್ಟಿ, ಒಂದಿಷ್ಟು ಉಪ್ಪಿನಕಾಯಿ ತಿಂದು ಕೈ ತೊಳೆಯುತ್ತಿದ್ದಳು. ಮೈಮೇಲೆ ಮಾಂಸವೇ ಇಲ್ಲ. ಮದುವೆಯಾದ ಹೊಸತರಲ್ಲಿ ನಾನು ಅವಳ ತಾಟಿಗೆ ಒಂದು ಹೋಳಿಗೆ ಹಾಕಿದ್ದೆ. ಅವಳು ಸಂಕೋಚದಿಂದ ಅದನ್ನು ಎತ್ತಿ ಮತ್ತೆ ಪಾತ್ರೆಯೊಳಗಿಟ್ಟಳು. ತನಗೆ ಸಿಹಿ ಸೇರುವುದಿಲ್ಲ, ಬಾಯಲ್ಲಿಟ್ಟರೆ ಕಹಿಯಾಗುತ್ತದೆ, ಹುಟ್ಟಿದಾಗಿನಿಂದ ತನ್ನ ನಾಲಿಗೆಯೇ ಹಾಗೆ ಎಂದಳು. ಅತ್ತೆ ಹೆಮ್ಮೆಯಿಂದ ಕೇಳುತ್ತ ನಿಂತಿದ್ದರು. ನನ್ನ ಮಗಳ ಕೈಯಲ್ಲಿ ಪೇಢೆಯ ತಾಟು ಕೊಟ್ಟು ಊರೆಲ್ಲ ಹಂಚಿ ಬಾ ಎಂದು ಕಳಿಸಿರಿ, ಒಂದೂ ಕಡಿಮೆಯಾಗುವುದಿಲ್ಲ ಎಂದು ಬೀಗರ ಮುಂದೆಲ್ಲ ಹೇಳುತ್ತಿದ್ದರು.

ಗಂಡನ ಮನೆಯವರು ಆ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡರು. ಸರಳಾಗೆ ಏನೂ ಬೇಡ ಎಂಬುದು ಅಲ್ಲಿ ಎಲ್ಲರಿಗೂ ಅನುಕೂಲವಾಯಿತು; ಅವಳಿಗೆಂದು ಯಾರೂ ಏನನ್ನೂ ತೆಗೆದಿಡಲಿಲ್ಲ. ಬಸುರಿಯಾದಾಗ ಕುಬಸಕ್ಕೆ ಹೋದ ನಾವೆಲ್ಲ ಅವಳಿಗೆ ಏನು ಬಯಕೆ ಎಂದು ಕೇಳಿದರೆ ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಹುಟ್ಟಿದ ಕೂಸು ಅಂಗೈಯಷ್ಟಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಉಸಿರಾಡಿ ಹೋಯಿತು. ತಾಯಿಯ ಮೈಯಲ್ಲಿ ಏನೂ ಇಲ್ಲ, ಕೂಸಿಗೆ ಎಲ್ಲಿಂದ ಬರಬೇಕು ಎಂದು ಡಾಕ್ಟರು ಹೇಳಿದರು. ಅತ್ತೆ ಅದನ್ನು ಕೇಳಿಸಿಕೊಂಡರು. ಸರಳಾ ಮತ್ತೆ ಬಸುರಿಯಾಗಲಿಲ್ಲ.

ಇನ್ನು ನನ್ನ ಮಕ್ಕಳ ವಿಷಯ. ನಾಲ್ಕನೇ ಮಹಡಿಯವರ ಮಗನ ಬರ್ತ್‌ಡೇಗೆ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಕೇಕ್ ಕತ್ತರಿಸಿ ಎಲ್ಲ ಮಕ್ಕಳ ಬಾಯಿಗೂ ಒಂದೊಂದು ಚೂರು ಇಡುತ್ತ ಬಂದರು. ಅಥರ್ವ ತನ್ನದನ್ನು ನುಂಗಿ ಪಕ್ಕದವನ ತಟ್ಟೆಗೆ ಕೈ ಹಾಕಿದ. ಅನ್ವಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಒಳಗೆಳೆದುಕೊಂಡು ನಿಂತಳು. ಒತ್ತಾಯ ಮಾಡಿದರೆ "ಅದು ಅಥರ್ವಂದು" ಎಂದಳು. ಎಲ್ಲರೂ ನಕ್ಕರು. ಎಷ್ಟು ಶಾಣ್ಯಾ ಹುಡುಗಿ ಎಂದು ಕೆನ್ನೆ ಹಿಂಡಿದರು. ನನಗೆ ಮಾತ್ರ ಬೆನ್ನಿನ ಹಿಂದಿನ ಆ ಪುಟ್ಟ ಕೈಗಳು ಹಿಡಿಸಲಿಲ್ಲ. ಅವು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು.

ಮಕ್ಕಳ ಡಾಕ್ಟರಮ್ಮನೂ ಇಬ್ಬರನ್ನೂ ತೂಗಿ ನೋಡಿ, ಇಬ್ಬರಿಗೂ ಕೊಡುವುದು ಒಂದೇ ಊಟವೇ ಎಂದು ಕೇಳಿದರು. ಒಂದೇ ಕೈಯಿಂದ ಎಂದೆ. ಅವರು ಅನ್ವಿಯ ಕಣ್ಣಿನ ರೆಪ್ಪೆ ಇಳಿಸಿ ನೋಡಿ, ಜಂತುವಿರಬಹುದೆಂದು ಔಷಧ ಬರೆದರು. ಮನೆಗೆ ಬಂದು ಹೇಳಿದಾಗ ಅತ್ತೆ, ಬೇವಿನ ರಸ ಕೊಡುತ್ತಲೇ ಇದ್ದೇನೆ, ಅದಕ್ಕಿಂತ ದೊಡ್ಡ ಔಷಧವಿಲ್ಲ ಎಂದರು. ಕಿಟಕಿಯಲ್ಲಿ ಸಣ್ಣ ಸ್ಟೀಲಿನ ಡಬ್ಬಿಯೊಂದರಲ್ಲಿ ಅರೆದ ಬೇವಿನೆಲೆ ಯಾವಾಗಲೂ ಇರುತ್ತಿತ್ತು. ನಾನು ಅದನ್ನು ಅನುಮಾನಿಸಿರಲಿಲ್ಲ.

ಆ ವರ್ಷ ಮಳೆ ಹಿಡಿದ ಮೊದಲ ವಾರ, ಒಂದು ಬೆಳಿಗ್ಗೆ ಹಳಿಗಳ ಮೇಲೆ ನೀರು ಬಂದು ಲೋಕಲ್ ಘಾಟ್ಕೋಪರಿನಲ್ಲೇ ನಿಂತುಬಿಟ್ಟಿತು. ಬಹಳ ಹೊತ್ತು ಕಾದು, ಲ್ಯಾಬಿಗೆ ಫೋನ್ ಮಾಡಿ, ರಿಕ್ಷಾ ಹಿಡಿದು ವಾಪಸು ಬಂದೆ. ಮಳೆಯ ಸದ್ದಿನಲ್ಲಿ ನಾನು ಕೀಲಿ ತೆಗೆದದ್ದು ಒಳಗೆ ಕೇಳಿಸಲಿಲ್ಲ. ಮಹೇಶ ಆಫೀಸಿಗೆ ಹೋಗಿಯಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. ನಮ್ಮತ್ತೆ ಮಕ್ಕಳನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಹಿಂದಿನ ದಿನ ಯಾರೋ ಮಗ ಪಾಸಾದದ್ದಕ್ಕೆ ಪೇಢೆ ಕೊಟ್ಟುಹೋಗಿದ್ದರು. ಅಥರ್ವನ ಬಾಯಲ್ಲಿ ಆಗಲೇ ಒಂದು ಇತ್ತು. ಅತ್ತೆ ಇನ್ನೊಂದು ಪೇಢೆಯನ್ನು ಹೆಬ್ಬೆರಳಿನಿಂದ ಬಿಚ್ಚಿ, ಕಿಟಕಿಯ ಡಬ್ಬಿಯಿಂದ ಹಸಿರು ಮುದ್ದೆ ತೆಗೆದು ಅದರೊಳಗಿಟ್ಟು, ಮುಚ್ಚಿ, ಅಂಗೈಯಲ್ಲಿ ಉರುಳಿಸಿ ಮೊದಲಿನ ಹಾಗೇ ದುಂಡಗೆ ಮಾಡಿದರು. ಹೋಳಿಗೆಗೆ ಹೂರಣ ತುಂಬುವ ಕೈಯಲ್ಲವೇ, ಬಿರುಕು ಸಹ ಕಾಣಲಿಲ್ಲ.

"ಪೇಢೆ ಬೇಕಂದಿದ್ದೆಯಲ್ಲಾ, ತಗೋ," ಎಂದರು.

ಅನ್ವಿ ಕೈಗಳನ್ನು ಹಿಂದೆ ಕಟ್ಟಿಕೊಂಡಳು. ಅತ್ತೆ ಅವಳ ಗದ್ದ ಹಿಡಿದು ಪೇಢೆಯನ್ನು ಬಾಯೊಳಗೆ ಇಟ್ಟು, ಬಾಯಿಯ ಮೇಲೆ ಅಂಗೈ ಒತ್ತಿದರು. ಮಗುವಿನ ಕಣ್ಣು ದೊಡ್ಡವಾದವು. ಕುತ್ತಿಗೆಯ ನರ ಎದ್ದಿತು. ಅದು ಅಳಲಿಲ್ಲ. ನುಂಗಿತು. ನುಂಗಿದ ಮೇಲೆ, ಯಾರೂ ಹೇಳದೆಯೇ, ಬಾಯಿ ಖಾಲಿಯಾಗಿದೆ ಎಂದು ತೋರಿಸಲು ನಾಲಿಗೆ ಹೊರಗೆ ಚಾಚಿತು. ಅತ್ತೆ ಅವಳ ತಲೆ ಸವರಿ, ನೀರು ಕುಡಿಸಿ, ಶಾಣ್ಯಾಕಿ ನನ್ನ ಬಂಗಾರ ಎಂದರು. ಆ ದನಿಯಲ್ಲಿ ಅಪ್ಪಟ ಅಕ್ಕರೆಯಿತ್ತು.

ಮಗಳನ್ನು ಎತ್ತಿಕೊಂಡು, ಅದರೊಳಗೆ ಏನು ಹಾಕಿದಿರಿ ಎಂದು ಕೇಳಿದೆ. ಅವರು ಗಾಬರಿಯಾಗಲಿಲ್ಲ. ಬೇವು, ವಿಷವಲ್ಲ ಎಂದರು.

"ಅಥರ್ವಗ ಯಾಕ ಹಾಕಲಿಲ್ಲ?"

ಅವರು ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದರು. "ಅವ ಗಂಡಸು. ಅವನ ಮುಂದಿನ ತಾಟು ಯಾರು ಕಸೀತಾರ?"

ಆಮೇಲೆ, ಒಬ್ಬ ಹೆಂಗಸು ಇನ್ನೊಬ್ಬಳಿಗೆ ಅಡುಗೆ ಹೇಳಿಕೊಡುವಷ್ಟು ಸಮಾಧಾನದಿಂದ, ವಡಾಲದ ಚಾಳಿನಲ್ಲಿ ನಡೆದದ್ದನ್ನು ಹೇಳಿದರು. ಅವರು ತವರಿನಲ್ಲಿ ಮೊದಲ ಮಗಳು. ಅಪ್ಪ ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ತಾಟಿನಲ್ಲೇ ತುಪ್ಪ ಬೆಲ್ಲ ಕಲಸಿ ಉಣಿಸಿ ಬೆಳೆಸಿದ್ದ. ಮದುವೆಯಾಗಿ ಬಂದು, ಮಹೇಶ ಹೊಟ್ಟೆಯಲ್ಲಿದ್ದಾಗ, ಒಂದು ಹಬ್ಬದ ಮಧ್ಯಾಹ್ನ ಗಂಡಸರ ಊಟಕ್ಕೆ ಮೊದಲೇ ಅಡುಗೆಮನೆಯಲ್ಲಿ ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. ಅದನ್ನು ಅವರ ಅತ್ತೆ ನೋಡಿದರು. ನುಂಗಬಾರದು, ಉಗುಳಬಾರದು ಎಂದು ಹೇಳಿ ಹೊರಗಿನ ಗ್ಯಾಲರಿಯಲ್ಲಿ ನಿಲ್ಲಿಸಿದರು. ಬಾಯಲ್ಲಿ ಹೋಳಿಗೆಯ ಚೂರು ಇಟ್ಟುಕೊಂಡು, ಜೊಲ್ಲು ಎದೆಯ ಮೇಲೆ ಇಳಿಯುತ್ತ, ಗಂಡಸರು ಮಿಲ್ಲಿನಿಂದ ಬರುವವರೆಗೆ ಅವರು ನಿಂತೇ ಇದ್ದರು. ಚಾಳಿನ ಹೆಂಗಸರು ನೀರಿಗೆ ಹೋಗುತ್ತ ಬರುತ್ತ ನೋಡಿದರು. ಮಕ್ಕಳು ಎದುರಿಗೆ ಬಂದು ನಿಂತು ನಕ್ಕವು. ಮಾವನವರು, ಅಂದರೆ ಅವರ ಗಂಡ, ಬಂದವರು ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಉಂಡರು.

"ಅವತ್ತ ತಿಳೀತು ನನಗ," ಎಂದರು. "ನನ್ನ ನಿಲ್ಲಿಸಿದ್ದು ಅತ್ತಿ ಅಲ್ಲ, ನನ್ನ ನಾಲಿಗಿ. ಅಪ್ಪ ಬೆಳೆಸಿದ ನಾಲಿಗಿ. ಬೇಕು ಅನ್ನೂದ ಗೊತ್ತಿಲ್ಲದ ಹುಡುಗೀನ ಯಾರೂ ಹಂಗ ನಿಲ್ಲಿಸಾಕ ಆಗೂದಿಲ್ಲ. ಸರಳಾನ ನಿಲ್ಲಿಸಿದ್ರೇನು? ಇಲ್ಲಲ್ಲಾ?"

ನನಗೆ ಹದಿನಾರರ ಆ ಬಸುರಿಯ ಪಕ್ಕ ಹೋಗಿ ನಿಲ್ಲಬೇಕೆನಿಸಿತು. ಆದರೆ ನನ್ನ ಹೆಗಲ ಮೇಲೆ ಅನ್ವಿಯ ಹಸಿರು ಜೊಲ್ಲು ಇಳಿಯುತ್ತಿತ್ತು. ಇನ್ನು ಮೇಲೆ ಅನ್ವಿಗೆ ನಾನೇ ಉಣಿಸುತ್ತೇನೆ ಎಂದಷ್ಟೇ ಹೇಳಿದೆ. ಆಗಲಿ ಎಂದರು.

ಸಂಜೆ ಮಹೇಶನಿಗೆ ಎಲ್ಲವನ್ನೂ ಹೇಳಿದೆ. ಅವ್ವ ಕೆಟ್ಟದ್ದಕ್ಕೆ ಮಾಡಿರಲಿಕ್ಕಿಲ್ಲ, ಬೇವು ತಿಂದು ಯಾರೂ ಸತ್ತಿಲ್ಲ ಎಂದರು. ಆಮೇಲೆ, ಆ ಪೇಢೆ ಉಳಿದಾವೇನು ಎಂದು ಕೇಳಿದರು.

ನಾನು ಲ್ಯಾಬಿಗೆ ರಜೆ ಹಾಕಿದೆ. ಹಟ ಹಿಡಿದು ಅನ್ವಿಗೆ ಉಣಿಸಲು ಕೂತೆ. ರವೆ ಬೆಲ್ಲದ ಸಜ್ಜಕ ಮಾಡಿದೆ, ಮೆತ್ತಗೆ ಅನ್ನ ಬೇಯಿಸಿ ತುಪ್ಪ ಕಲಸಿದೆ, ಬಾಳೆಹಣ್ಣು ಹಿಚುಕಿದೆ. ಅವಳು ಪ್ರತಿ ತುತ್ತನ್ನೂ ಮೂಸಿ ನೋಡಿ ಮುಖ ತಿರುಗಿಸಿದಳು. ತುಪ್ಪದ ವಾಸನೆಗೆ ಓಕರಿಸಿದಳು. ನನ್ನ ಕೈ ಹತ್ತಿರ ಬಂದರೆ ಸಾಕು, ತುಟಿ ಬಿಗಿದುಕೊಳ್ಳುತ್ತಿದ್ದಳು. ಮೊಬೈಲ್ ಹಚ್ಚಿದೆ, ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿಸಿದೆ. ಏನೂ ಆಗಲಿಲ್ಲ. ಕಣ್ಣು ಗುಳಿಬಿದ್ದವು. ಹೀಗೇ ಮುಂದುವರಿದರೆ ಅಡ್ಮಿಟ್ ಮಾಡಿ ಸಲೈನ್ ಹಾಕಬೇಕಾಗುತ್ತದೆ ಎಂದರು ಡಾಕ್ಟರಮ್ಮ.

ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕಿ ಒಳಗೆ ಬಂದಾಗ, ಅನ್ವಿ ತಾನೇ ಹೋಗಿ ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕತ್ತು ಎತ್ತಿ, ಬಾಯಿ ಅಗಲಿಸಿದ್ದಳು. ಗೂಡಿನ ಮರಿಯ ಹಾಗೆ. ನಮ್ಮತ್ತೆಯ ಬಲಗೈ ಅವರ ತೊಡೆಯ ಮೇಲಿತ್ತು. ಅದು ಏಳಲಿಲ್ಲ. ಅವರು ಗೋಡೆ ನೋಡುತ್ತಿದ್ದರು. ಆಯಿ, ಎಂದಳು ಅನ್ವಿ. ಮತ್ತೆ ಬಾಯಿ ತೆರೆದಳು. ಅವರು ಅಲುಗಲಿಲ್ಲ.

ನಾನು ವಾಟಿ ತಂದು ಅವರ ಮುಂದಿಟ್ಟೆ. ಮಗು ಹಸಿದಿದೆ, ಒಂದು ತುತ್ತು ಹಾಕಿರಿ ಎಂದು ಕೇಳಿಕೊಂಡೆ.

"ನಾ ವಿಷ ಹಾಕಾಕಿ ಅಲ್ಲೇನು?" ಎಂದರು. "ನನ್ನ ಕೈಲಿ ಉಣಸಿದ್ರ ನನ್ನ ಪದ್ಧತಿ. ಒಪ್ಪಿದ್ರ ಹೇಳು. ಇಲ್ಲಾಂದ್ರ ತಾಯಿ ನೀನು, ನೀನ ಉಣಸು."

ಅನ್ವಿಯ ಬಾಯಿ ತೆರೆದೇ ಇತ್ತು. ತೆರೆದು ತೆರೆದು ಗದ್ದ ನಡುಗುತ್ತಿತ್ತು. ಅವಳನ್ನು ಎತ್ತಿಕೊಳ್ಳಲು ಹೋದರೆ ನನ್ನನ್ನು ಒದ್ದಳು. ಅವತ್ತು ನಾನು ಸರಳಾಗೆ ಫೋನ್ ಮಾಡಿದೆ. ಏಕೆ ಅವಳಿಗೇ ಮಾಡಿದೆನೋ ಗೊತ್ತಿಲ್ಲ. ಬೇರೆ ಯಾರಿಗೆ ಮಾಡಲಿ?

ಸರಳಾ ಮರುದಿನ ಬೆಳಿಗ್ಗೆಯೇ ಕಲ್ಯಾಣದಿಂದ ಬಂದಳು. ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವಳಿಗೆ ಎಲ್ಲ ಹೇಳಿದೆ. ಪೇಢೆಯನ್ನು ಬಿಚ್ಚಿ ಬೇವು ಇಟ್ಟದ್ದನ್ನು ಹೇಳುವಾಗ ಅವಳು ನನ್ನ ಮುಖ ಬಿಟ್ಟು ನನ್ನ ಕೈಗಳನ್ನು ನೋಡತೊಡಗಿದಳು. ನಾನು ಅದನ್ನು ಕೈಯಲ್ಲೇ ಮಾಡಿ ತೋರಿಸುತ್ತಿದ್ದೆ. ಆಮೇಲೆ, "ನನ್ನ ನಾಲಿಗೀನ ಹಂಗ ಅಂತ ತಿಳ್ಕೊಂಡಿದ್ನಿ ವೈನಿ," ಎಂದಳು.

ಹೊರಗೆ ಬಂದು ತಾಯಿಯ ಮುಂದೆ ನಿಂತಳು. ತನಗೂ ಹಾಕಿದ್ದು ನಿಜವೇ ಎಂದು ಕೇಳಿದಳು. ನಿಜ ಎಂದರು ಅತ್ತೆ. ಎಷ್ಟು ದೊಡ್ಡವಳಾಗುವ ತನಕ ಎಂದು ಕೇಳಿದಳು. ಕೊಟ್ಟರೂ ಬೇಡ ಅನ್ನುವ ತನಕ ಎಂದರು. ಸರಳಾ ಅಳಲಿಲ್ಲ, ಬೈಯಲಿಲ್ಲ. ಕೆಳಗೆ ಕೂತು ಅನ್ವಿಯ ವಾಟಿಯನ್ನು ತನ್ನ ಕಡೆ ಎಳೆದುಕೊಂಡಳು. ಇನ್ನು ನೀನು ಉಣಿಸುವುದು ಬೇಡ ಎಂದಳು.

ನಮ್ಮತ್ತೆ ನಕ್ಕರು. ಉಣಿಸುವ ಜಾಗದಲ್ಲಿ ಅವರು ನಕ್ಕದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ನೀ ಉಣಸ್ತೀಯೇನು? ಹಡದದ್ದನ್ನ ಉಳಿಸ್ಕೊಳ್ಳಾಕ ಆಗಲಿಲ್ಲ ನಿನಗ."

ಮಹೇಶ ಸೋಫಾದ ಮೇಲಿದ್ದವರು ಎದ್ದು ಬಾಲ್ಕನಿಗೆ ಹೋದರು. ಸರಳಾಳ ಕೈ ವಾಟಿಯಲ್ಲಿ ಹಾಗೇ ನಿಂತಿತ್ತು. ಅವಳು ಅದರತ್ತಲೇ ನೋಡುತ್ತಿದ್ದಳು. ನಂತರ ಎಡ ಮೊಣಕಾಲು ಮಡಚಿ, ಗೋಡೆಗೆ ಬೆನ್ನು ಕೊಟ್ಟು, ಮಾತಿಲ್ಲದೆ ಒಂದು ತುತ್ತು ಮಾಡಿ ಎತ್ತಿದಳು. ಅನ್ವಿ ಅವಳನ್ನು ನೋಡಿದಳು. ಮೂಸಲಿಲ್ಲ. ಬಾಯಿ ತೆರೆದಳು.

ಅದು ತಾಯಿಯಿಂದ ಮಗಳಿಗೆ ಬಂದ ಕೂರುವ ರೀತಿ, ತಾಯಿಯಿಂದ ಬಂದ ಕೈ. ಮಗುವಿಗೆ ಅದು ಪರಿಚಯವಿತ್ತು.

ಸರಳಾ ನಮ್ಮಲ್ಲೇ ಉಳಿದಳು. ಗಂಡ ಫೋನ್ ಮಾಡಿ ತನ್ನ ಊಟದ ಡಬ್ಬಿಯ ಗತಿಯೇನೆಂದು ಕೇಳಿದಾಗ, ಸ್ಟೇಷನ್ನಿನ ಹತ್ತಿರ ಖಾನಾವಳಿ ಇದೆಯಲ್ಲ ಎಂದಳು. ಮೊದಲು ಅನ್ವಿಗೆ ಅಜ್ಜಿ ಕೊಡುತ್ತಿದ್ದುದನ್ನೇ ಕೊಟ್ಟಳು, ನೀರು ಬ್ಯಾಳಿ, ಒಣ ರೊಟ್ಟಿ. ಹೊಟ್ಟೆ ತುಂಬುವಷ್ಟು ಕೊಟ್ಟಳು, ಅದೊಂದೇ ವ್ಯತ್ಯಾಸ. ಅಜ್ಜಿ ಅರ್ಧಕ್ಕೇ ವಾಟಿ ಎತ್ತಿಡುತ್ತಿದ್ದರೆಂದು ನಮಗೆ ಆಗ ತಿಳಿಯಿತು. ಅಷ್ಟಕ್ಕೇ ಕೈ ತೊಳೆಸಿಕೊಳ್ಳಲು ಅನ್ವಿ ತಾನಾಗಿ ಎದ್ದುಹೋಗುತ್ತಿದ್ದಳು. ಸರಳಾ ಅವಳನ್ನು ಮತ್ತೆ ಕರೆದು ಕೂರಿಸುತ್ತಿದ್ದಳು. ಕೆಲವು ದಿನಗಳಾದ ಮೇಲೆ ತುಪ್ಪದ ಒಂದು ಹನಿ, ಸಾಸಿವೆಯಷ್ಟು ಬೆಲ್ಲ. ಅದನ್ನು ಮೊದಲು ಅರ್ಧ ತಾನು ತಿಂದು, ಬಾಯಿ ತೆರೆದು ಮಗುವಿಗೆ ತೋರಿಸುತ್ತಿದ್ದಳು. ಅವಳ ಮುಖ ಕಿವುಚುತ್ತಿತ್ತು, ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಒಮ್ಮೆ ಎದ್ದುಹೋಗಿ ಮೋರಿಯಲ್ಲಿ ಉಗುಳಿ ಬಂದದ್ದನ್ನೂ ನೋಡಿದೆ. ಮಗುವಿನ ಎದುರಿಗೆ ಮಾತ್ರ ನುಂಗುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು ಮತ್ತು ಎರಡೂವರೆ ವರ್ಷದ ಕೂಸು, ಎದುರುಬದುರು ಕೂತು ಬೆಲ್ಲ ತಿನ್ನುವುದನ್ನು ಕಲಿತರು. ಮಳೆಗಾಲ ಮುಗಿಯುವಷ್ಟರಲ್ಲಿ ಅನ್ವಿ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ತಿನ್ನತೊಡಗಿದಳು. ಸರಳಾಗೆ ಅದು ಇವತ್ತಿಗೂ ಅರ್ಧ ಕಹಿಯೇ.

ಈ ಎಲ್ಲ ಅವಧಿಯಲ್ಲಿ ಸರಳಾ ತಾಯಿಯ ಜೊತೆ ಒಂದು ಮಾತೂ ಆಡಲಿಲ್ಲ. ಅಡುಗೆ ಮಾಡಿ ಎಲ್ಲರಿಗೂ ಬಡಿಸುವಂತೆ ಅವರಿಗೂ ಬಡಿಸುತ್ತಿದ್ದಳು, ಬಿಸಿ ರೊಟ್ಟಿ, ಪಲ್ಯ, ತುಪ್ಪ, ಯಾವುದಕ್ಕೂ ಕಡಿಮೆಯಿಲ್ಲದೆ. ತಾಟು ಇಟ್ಟು ಹೋಗಿಬಿಡುತ್ತಿದ್ದಳು. ಬೈದಿದ್ದರೆ ನಮ್ಮತ್ತೆ ತಾವೂ ಬೈದು ನಿಂತಿರುತ್ತಿದ್ದರು. ಆ ಮೌನವನ್ನು ಎದುರಿಸುವುದು ಅವರಿಗೆ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಅವರಿಗೆ ಕೆಲಸವಿರಲಿಲ್ಲ, ಮಕ್ಕಳ ಎದುರು ಜಾಗವಿರಲಿಲ್ಲ. ಅಥರ್ವ ಮಾತ್ರ ಸಿಹಿಗಾಗಿ ಅವರ ಸೆರಗು ಎಳೆಯುತ್ತಿದ್ದ, ಕೊಡದಿದ್ದರೆ ಅವರಿಗೆ ಹೊಡೆಯುತ್ತಿದ್ದ. ಅವನ ಪುಟ್ಟ ಮುಷ್ಟಿಗಳ ಕೆಳಗೆ ಅವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ದೀಪಾವಳಿಗೆ ಮೊದಲೇ ಊರಿಗೆ, ತಮ್ಮನ ಮನೆಗೆ ಹೋಗುತ್ತೇನೆ ಎಂದು ತಾವಾಗಿಯೇ ಹೇಳಿದರು. ಮಹೇಶ ಒಂದೆರಡು ಸಲ ಬೇಡ ಎಂದರು. ಸರಳಾ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ದಾದರ್ ಸ್ಟೇಷನ್ನಿಗೆ ನಾನೂ ಮಹೇಶನೂ ಬಿಡಲು ಹೋದೆವು. ಮಹೇಶ ನೀರಿನ ಬಾಟಲಿ ತರಲು ಹೋದಾಗ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಅವರು ಸರಳಿನ ಆಚೆಗೆ ಕೂತು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಬೆಳಿಗ್ಗೆ ಕೂಸು ಉಂಡಿತೇನು ಎಂದು ಕೇಳಿದರು. ಉಂಡಳು, ಈಗ ಎಲ್ಲ ಉಣ್ಣುತ್ತಾಳೆ, ನಿನ್ನೆ ತಾನಾಗಿ ಸಜ್ಜಕ ಕೇಳಿದಳು ಎಂದೆ. ನಾನು ಅದನ್ನು ಗೆದ್ದವಳ ಹಾಗೆಯೇ ಹೇಳಿರಬೇಕು.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ಕೇಳಾಕ ಕಲಿತಳಲ್ಲಾ," ಎಂದರು. "ಇನ್ನ ಮುಂದ ಬಾಳ ಅಳ್ತಾಳ, ತಂಗಿ."

ಗಾಡಿ ಬಿಟ್ಟಿತು. ನಾನು ಅವರನ್ನು ನೋಡಿದ್ದು ಅದೇ ಕಡೆ.

ಮುಂದಿನ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಊರಿನಿಂದ ಫೋನ್ ಬಂತು. ಸರಳಾ ಆಗ ಕಲ್ಯಾಣಕ್ಕೆ ಮರಳಿದ್ದರೂ ಅವತ್ತು ನಮ್ಮಲ್ಲಿಗೆ ಬಂದಿದ್ದಳು, ಮಕ್ಕಳಿಗೆ ಉಣಿಸುತ್ತಿದ್ದಳು. ಅತ್ತೆಯ ತಮ್ಮನ ಸೊಸೆ ಆ ಕಡೆಯಿಂದ ಅಳುತ್ತ ಹೇಳುತ್ತಿದ್ದಳು. ನಾನು ಹೂಂ ಹೂಂ ಎನ್ನುತ್ತಿದ್ದೆ. ನನ್ನ ಮುಖ ನೋಡಿಯೇ ಸರಳಾಗೆ ತಿಳಿಯಿತು. ಅವಳು ಏಳಲಿಲ್ಲ. ವಾಟಿಯಲ್ಲಿದ್ದುದನ್ನು ಕೊನೆಯ ತುತ್ತಿನವರೆಗೆ ಉಣಿಸಿ ಮುಗಿಸಿದಳು. ಮಕ್ಕಳ ಬಾಯಿ ಒರೆಸಿದಳು. ಆಮೇಲೆ, ಕಡೆಗೆ ಏನು ಉಂಡಿದ್ದಳಂತೆ ಎಂದು ಕೇಳಿದಳು. ತಿಂಗಳುಗಟ್ಟಲೆ ಆದ ಮೇಲೆ ತಾಯಿಯ ಬಗ್ಗೆ ಅವಳು ಆಡಿದ ಮೊದಲ ಮಾತು ಅದು.

ನಾನು ಫೋನಿನಲ್ಲಿ ಕೇಳಿ ಹೇಳಿದೆ. ಏನೂ ಇಲ್ಲವಂತೆ. ವಾರದಿಂದ ಗಂಜಿ ಹಿಡಿದರೆ ತುಟಿ ಬಿಗಿದುಕೊಳ್ಳುತ್ತಿದ್ದರಂತೆ. ಚಮಚದಿಂದ ಹಾಲು ಬಿಟ್ಟರೆ ಕಟವಾಯಿಯಿಂದ ಹೊರಗೆ ಹರಿಯುತ್ತಿತ್ತಂತೆ. ಎಷ್ಟು ಹೇಳಿದರೂ ಬಾಯಿ ತೆರೆಯಲಿಲ್ಲವಂತೆ.

ಸರಳಾ ತನ್ನ ಎಂಜಲು ಕೈ ನೋಡುತ್ತ ಕೂತಿದ್ದಳು.

"ಅಲ್ಲಿಯವರಿಗೆ ಉಣಸಾಕ ಬಂದಿರಾಕಿಲ್ಲ," ಎಂದಳು.